ಹೋಗಿ ಬರ್ತೀನಿ

ಶುಕ್ರವಾರ ರಾತ್ರಿ ಕೊಡಿಗೇಹಳ್ಳಿಯ ನಮ್ಮ ಬಿಲ್ಡಿಂಗಿನ ಪಾರ್ಕಿಂಗಲ್ಲಿ ಕೂತು ಬೈಕಿನ ಚೈನಿಗೆ ಎಣ್ಣೆ ಬಿಡ್ತಿದ್ದೆ. ಊರಿಂದ ಅಮ್ಮನ ಫೋನು. "ಮಣ್ಣು ರೋಡಲ್ಲಿ ಓಡ್ಸಕ್ಕೆ ದುಡ್ಡು ಖರ್ಚು ಮಾಡ್ಕೊಂಡು ಹೋಗ್ತೀಯಾ? ಇಲ್ಲಿಗೇ ಬಾ, ಪುಕ್ಸಟ್ಟೆ ಓಡ್ಸು" ಅಂದ್ಲು.

ಅಪ್ಪ ಟಿವಿಎಸ್ ಫಿಫ್ಟಿ ಮೇಲೆ ಹಿಂಡಿ ಮೂಟೆ ಹೇರ್ಕೊಂಡು ತೋಟದ ದಾರಿಯಲ್ಲಿ ಹೋಗೋದನ್ನ ನೋಡಿಕೊಂಡೇ ಬೆಳೆದವನು ನಾನು. ಆ ಪೊಗರಲ್ಲೇ ಮೊದಲ ಸಲ ಚಿಕ್ಕಬಳ್ಳಾಪುರದ ಕಡೆ ಗುಡ್ಡಕ್ಕೆ ಕ್ಯಾನ್ವಾಸ್ ಶೂ ಹಾಕ್ಕೊಂಡು ಒಬ್ಬನೇ ಹೋಗಿದ್ದೆ. ಕಲ್ಲುಪುಡಿಯ ಇಳಿಜಾರಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಚಕ್ರ ಜಾರಿತು, ಬೈಕ್ ಕಾಲ ಮೇಲೆ ಬಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಕುರಿ ಕಾಯೋ ಅಜ್ಜನೊಬ್ಬ ಬಂದು ಬೈಕ್ ಎತ್ತೋ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. "ಜೊತೆಗೆ ಯಾರೂ ಬರ್ಲಿಲ್ವೇನಪ್ಪಾ?" ಅಂದ.

ಪಾದದ ಕೀಲಿಗೆ ಕಟ್ಟು ಹಾಕಿಸಿಕೊಂಡು ಮೂರು ವಾರ ಮನೇಲಿ ಕೂತಾಗ ಅರ್ಥವಾಯ್ತು. ಅಪ್ಪನಿಗೆ ಆ ದಾರಿಯ ಒಂದೊಂದು ಗುಂಡಿಯೂ ಗೊತ್ತಿತ್ತು. ಬಿದ್ದು ಕೂಗಿದರೆ ಪಕ್ಕದ ತೋಟದವರಿಗೆ ಕೇಳಿಸ್ತಿತ್ತು. ನನಗೆ ಎರಡೂ ಇರಲಿಲ್ಲ.

ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಗೊತ್ತಲ್ಲ? 2015ರಲ್ಲಿ ಡಕಾರ್ ರ‍್ಯಾಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ. 2021ರಲ್ಲಿ ಸೌದಿಯ ಮರುಭೂಮಿಯಲ್ಲಿ ಅವರೂ ಬಿದ್ದು, ತಲೆಗೆ ಪೆಟ್ಟಾಗಿ, ಹೆಲಿಕಾಪ್ಟರಲ್ಲಿ ಆಸ್ಪತ್ರೆ ಸೇರಿದರು. ಚೇತರಿಸಿಕೊಂಡು ಮನೆಗೆ ಬಂದರು. ಅಂಥವರೇ ಬೀಳ್ತಾರೆ. ವ್ಯತ್ಯಾಸ ಇಷ್ಟೇ, ನಮಗೆ ಹೆಲಿಕಾಪ್ಟರ್ ಬರಲ್ಲ.

ಹಾಗಾಗಿ ಈಗ ಮೂವರಿಗಿಂತ ಕಡಿಮೆ ಇದ್ದರೆ ಹೊರಡಲ್ಲ. ಒಬ್ಬ ಬಿದ್ದರೆ ಒಬ್ಬ ಜೊತೆಗಿರ್ತಾನೆ, ಇನ್ನೊಬ್ಬ ಸಿಗ್ನಲ್ ಸಿಗೋ ಕಡೆ ಹೋಗಿ 108ಕ್ಕೆ ಫೋನ್ ಮಾಡ್ತಾನೆ. ಕಣಕಾಲು ಮುಚ್ಚೋ ಬೂಟು, ಮಂಡಿ ಗಾರ್ಡು, ಐಎಸ್‌ಐ ಗುರುತಿನ ಹೆಲ್ಮೆಟ್ ಇಲ್ಲದವನನ್ನ ಕರ್ಕೊಂಡು ಹೋಗಲ್ಲ. ಮಣ್ಣಿಗಿಳಿಯುವ ಮುಂಚೆ ಟೈರಿನ ಗಾಳಿ ನಾಲ್ಕೈದು ಪಿಎಸ್‌ಐ ಇಳಿಸ್ತೀವಿ, ಹಿಡಿತ ಚೆನ್ನಾಗಿ ಸಿಗುತ್ತೆ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬ್ ಹರಿಯುತ್ತೆ. ವಾಪಸ್ ಹೈವೇಗೆ ಬಂದಮೇಲೆ ಮತ್ತೆ ತುಂಬಿಸೋಕೆ ಬ್ಯಾಗಲ್ಲೊಂದು ಪಂಪು. ಹೋಗೋ ದಾರಿ, ವಾಪಸ್ ಬರೋ ಹೊತ್ತು ಬರೆದ ಚೀಟಿ ಫ್ರಿಡ್ಜ್ ಮೇಲೆ ಅಂಟಿಸ್ತೀನಿ. ಸಂಜೆ ಆರಕ್ಕೆ ಫೋನ್ ಬರದಿದ್ದರೆ ಹುಡುಕಿಸು ಅಂತ ಹೆಂಡತಿಗೆ ಹೇಳಿರ್ತೀನಿ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಅರ್ಧ ಅರ್ಥವಾಯ್ತೋ ಏನೋ. "ಸರಿ, ಹೋಗ್ತೀನಮ್ಮ" ಅಂದೆ.

"ಹೋಗ್ತೀನಿ ಅನ್ಬಾರ್ದು. ಹೋಗಿ ಬರ್ತೀನಿ ಅನ್ನು."

"ಹೋಗಿ ಬರ್ತೀನಮ್ಮ" ಅಂದೆ.