ಹಸಿರೇ ಉಸಿರು ಕಟ್ಟಿದಾಗ

ಕಾಕನಕೋಟೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಆನೆ. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆದರೂ ಆ ಹೆಸರಿನ ಹಿಂದೆ ಇವತ್ತಿಗೂ ಆನೆಯೇ ನಡೆದುಬರುತ್ತದೆ. ನನಗೆ ಮಾತ್ರ ಆ ಸೀಮೆಯ ಹೆಸರು ಕೇಳಿದರೆ ಒಂದು ಕುದುರೆ ನೆನಪಾಗುತ್ತದೆ. ಕುದುರೆಗಿಂತ ಹೆಚ್ಚಾಗಿ ಅದರ ಉಸಿರಾಟದ ಸದ್ದು.

ನಮ್ಮ ದೊಡ್ಡಪ್ಪ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದರು. ಆಟೋಗಳು ಹೆಚ್ಚಿ ಬಾಡಿಗೆ ಸಿಗದಂತಾದಾಗ ಗಾಡಿಯನ್ನು ಮಾರಿದರು, ಕುದುರೆಯನ್ನು ಮಾರಲಿಲ್ಲ. “ಇಷ್ಟು ವರ್ಷ ನಮ್ಗೆ ಅನ್ನ ಹಾಕವ್ಳೆ, ಇನ್ಮೇಲೆ ಹಸಿರು ತಿನ್ಕೊಂಡು ಇರ್ಲಿ ಬುಡು” ಎಂದು ರಾಣಿಯನ್ನು ಅಂತರಸಂತೆಯ ಆಚೆಗಿನ ನಮ್ಮೂರಿಗೆ ಕರೆತಂದರು. ಕೆರೆಯ ಹಿಂದಿನ ಬೀಳಿನಲ್ಲಿ ಬಿಟ್ಟರು. ಲಗಾಮಿಲ್ಲ, ಲಾಳವಿಲ್ಲ, ಚಾಟಿಯಿಲ್ಲ. ಜಟಕಾ ಕುದುರೆಗೆ ಇದಕ್ಕಿಂತ ದೊಡ್ಡ ಸ್ವರ್ಗ ಯಾವುದಿದ್ದೀತು ಎಂದು ನಾವೆಲ್ಲ ಅಂದುಕೊಂಡೆವು.

ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ, ವಯನಾಡಿನ ಕಡೆಯ ಮಳೆ ಹೊಡೆದು ಬೀಳಿನ ಹುಲ್ಲು ಮೊಣಕಾಲೆತ್ತರ ಬೆಳೆದಿದ್ದ ಸಮಯ, ಗೌರಿಹಬ್ಬಕ್ಕೆ ಸ್ವಲ್ಪ ಮುಂಚೆ ರಾಣಿ ಕೆಮ್ಮತೊಡಗಿದಳು. ವಾರ ಕಳೆಯುವುದರೊಳಗೆ ಮೂಗಿನ ಹೊಳ್ಳೆಗಳು ಅರಳಿ ನಿಂತವು. ಉಸಿರು ಬಿಡುವಾಗ ಹೊಟ್ಟೆ ತಿದಿಯಂತೆ ಎರಡು ಸಲ ಒತ್ತುತ್ತಿತ್ತು. ಜ್ವರವಿಲ್ಲ, ಮೇವು ಬಿಟ್ಟಿಲ್ಲ; ಆದರೆ ನಿಂತಲ್ಲೇ ಏದುಸಿರು. ಸುಮ್ಮನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ನಾನು ಕೈಗಡಿಯಾರ ಹಿಡಿದು ಎಣಿಸಿದ ದಿನ 36 ಆಯಿತು.

ಎತ್ತಿಗೆ ಉಸಿರು ಸಾಲದಾದರೆ ಬಾಯಿ ತೆರೆದು ನಾಲಗೆ ಚಾಚುತ್ತದೆ. ನಾಯಿಯೂ ಹಾಗೆಯೇ. ಕುದುರೆಗೆ ಆ ದಾರಿಯೂ ಇಲ್ಲ. ಅದರ ಗಂಟಲಿನ ರಚನೆಯೇ ಹಾಗೆ, ಎಷ್ಟು ಕಷ್ಟವಾದರೂ ಮೂಗಿನಿಂದಲೇ ಉಸಿರಾಡಬೇಕು. ಬಾಯಿ ಮುಚ್ಚಿಕೊಂಡು, ಒಂದು ಮಾತೂ ಆಡದೆ, ಕಣ್ಣಷ್ಟೇ ಅಗಲಿಸಿ ನಿಂತ ಆ ಪ್ರಾಣಿಯನ್ನು ನೋಡಲಾಗುತ್ತಿರಲಿಲ್ಲ.

ಕಾರಣ ಹೇಳುವವರಿಗೆ ನಮ್ಮೂರಿನಲ್ಲಿ ಬರವಿರಲಿಲ್ಲ. ಅದು ಹೊಗೆಸೊಪ್ಪು ಹದ ಮಾಡುವ ಕಾಲ. ಬ್ಯಾರನ್‌ಗಳ ಹೊಗೆಯೇ ಕಾರಣ ಎಂದರು ಕೆಲವರು. ಕಾಡಿನ ಶೀತಗಾಳಿ ಎಂದರು ಇನ್ನು ಕೆಲವರು. ದೃಷ್ಟಿ ಎಂದವರೂ ಇದ್ದರು. ದೊಡ್ಡಮ್ಮ ಶುಂಠಿ, ಕಾಳುಮೆಣಸು ಜಜ್ಜಿ ಕಷಾಯ ಮಾಡಿದರು. ಯಾರು ಏನೇ ಹೇಳಲಿ, ಕೊನೆಗೆ ಎಲ್ಲರ ಸಲಹೆಯೂ ಒಂದೇ: “ಬಯಲ್ನಾಗೆ ಬುಡಿ, ಒಳ್ಳೆ ಗಾಳಿ ಕುಡೀಲಿ.” ಹಾಗೆಂದು ಹಗಲು ರಾತ್ರಿ ಬೀಳಿನಲ್ಲೇ ಬಿಟ್ಟೆವು. ಉಬ್ಬಸ ಏರಿತು.

ಆ ನಡುವೆ ಅವಳ ಗೊರಸಿಗೆ ಮುಳ್ಳು ಚುಚ್ಚಿತು. ಕುಂಟುವ ಕುದುರೆಯನ್ನು ಮನೆಯ ಪಕ್ಕದ ಚಪ್ಪರದಲ್ಲಿ ಹತ್ತು ದಿನ ಕಟ್ಟಿದೆವು. ಉಸಿರು ತಾನಾಗಿ ಹಗುರಾಯಿತು. ದೊಡ್ಡಮ್ಮ ತಮ್ಮ ಕಷಾಯಕ್ಕೆ ಕೀರ್ತಿ ಕೊಟ್ಟುಕೊಂಡರು. ಕಾಲು ವಾಸಿಯಾದ ಮೇಲೆ ಮತ್ತೆ ಬೀಳಿಗೆ ಬಿಟ್ಟರೆ ಮೂರನೆಯ ದಿನವೇ ಹಳೆಯ ಕಥೆ.

ಪಶುವೈದ್ಯರು ಬಂದು ಎಲ್ಲವನ್ನೂ ಕೇಳಿಸಿಕೊಂಡರು. ಪಕ್ಕೆಲುಬಿನ ಕೆಳಗೆ ಹುರಿಯಂತೆ ಎದ್ದಿದ್ದ ಗೆರೆಯನ್ನು ಬೆರಳಿಟ್ಟು ತೋರಿಸಿದರು. ಉಸಿರನ್ನು ಹೊರಗೆ ನೂಕಿ ನೂಕಿ ಹೊಟ್ಟೆಯ ಸ್ನಾಯು ದಪ್ಪಗಾದ ಗುರುತು ಅದು. “ಕಟ್ಟಿಹಾಕಿದಾಗ ಕಮ್ಮಿಯಾಯ್ತು ಅಂದ್ರಲ್ಲ, ಅಲ್ಲೇ ಉತ್ತರ ಇದೆ. ಇವಳಿಗೆ ಆಗದೆ ಇರೋದು ಬಯಲಿನ ಗಾಳೀನೇ” ಎಂದರು. ಮಳೆಯ ತೇವ, ನಡುನಡುವೆ ಬಿಸಿಲಿನ ಕಾವು. ಹುಲ್ಲು ಹೂವಾಗಿ ಪರಾಗ ಹಾರುತ್ತದೆ, ಬುಡದಲ್ಲಿ ಕೊಳೆತ ಎಲೆಗೆ ಬೂಷ್ಟು ಹಿಡಿಯುತ್ತದೆ. ಮೂಗನ್ನು ಅದರಲ್ಲೇ ಇಟ್ಟು ಮೇಯುವ ಕುದುರೆಯ ಶ್ವಾಸನಾಳ ಅದಕ್ಕೆ ಸಿಡಿದೆದ್ದು ಬಿಗಿದುಕೊಳ್ಳುತ್ತದೆ, ಒಳಗೆ ಕಫ ಕಟ್ಟುತ್ತದೆ. ಹೊಗೆ ಇದನ್ನು ಹೆಚ್ಚಿಸಬಹುದು, ಆದರೆ ಮೂಲ ಅದಲ್ಲ ಎಂದರು. ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು, “ಇದು ನಾಲ್ಕು ದಿನದ ಸಮಾಧಾನ. ಜಾಗ ಬದಲಾಗದೆ ರೋಗ ಬಗ್ಗಲ್ಲ” ಎಂದು ಎಚ್ಚರಿಸಿದರು.

ಮುಂದೆ ಇದರ ಬಗ್ಗೆ ಓದಿದಾಗ ತಿಳಿಯಿತು. ಚಳಿದೇಶಗಳಲ್ಲಿ ಕುದುರೆಗಳಿಗೆ ಉಬ್ಬಸ ಬರುವುದು ಹೆಚ್ಚಾಗಿ ಲಾಯದೊಳಗೆ, ಬೂಷ್ಟು ಹಿಡಿದ ಒಣಹುಲ್ಲಿನ ದೂಳಿನಿಂದ. ಅಲ್ಲಿ ಮದ್ದೆಂದರೆ ಬಯಲಿಗೆ ಬಿಡುವುದು. ಅಮೆರಿಕದ ಆಗ್ನೇಯ ರಾಜ್ಯಗಳಂಥ ಸೆಕೆ ಮತ್ತು ತೇವದ ನಾಡಿನಲ್ಲಿ ಬೇಸಗೆಯ ಹುಲ್ಲುಗಾವಲೇ ಉಬ್ಬಸ ತರುವುದುಂಟು. ಅಲ್ಲಿ ಬಯಲಿನಿಂದ ಒಳಗೆ ತರುವುದೇ ಮದ್ದು. 2016ರಲ್ಲಿ ತಜ್ಞರು ಇವೆಲ್ಲಕ್ಕೂ ಸೇರಿಸಿ ‘ಕುದುರೆಯ ಆಸ್ತಮಾ’ ಎಂಬ ಹೆಸರನ್ನೇ ಒಪ್ಪಿಕೊಂಡರು. ಕಾಯಿಲೆ ಒಂದೇ ಬಗೆಯದು, ಚಿಕಿತ್ಸೆ ಮಾತ್ರ ತಿರುಗುಮುರುಗು. ಯಾವ ಗಾಳಿ ಆಗದು ಎಂಬುದನ್ನು ಕುದುರೆಯನ್ನೇ ನೋಡಿ ತಿಳಿಯಬೇಕು.

ಆದರೆ ದೊಡ್ಡಪ್ಪನ ಸಂಕಟ ಬೇರೆ. “ಹಗ್ಗ ಬಿಚ್ಚಿ ಬುಡ್ತೀನಿ ಅಂತ ಕರ್ಕೊಂಡು ಬಂದೆ ಕಣಪ್ಪ, ಈಗ ನಾನೇ ತಿರ‍್ಗ ಕಟ್ಬೇಕಲ್ಲ” ಎಂದು ಜಗಲಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತರು. ಕಣ್ಣೆದುರಿಗೇ ಹಸಿರು ತೂಗುತ್ತಿರುವಾಗ ಕುದುರೆಯನ್ನು ಗೂಟಕ್ಕೆ ಕಟ್ಟುವುದು ಅವರಿಗೆ ಕೊಟ್ಟ ಮಾತಿಗೆ ತಪ್ಪಿದಂತೆ ಕಂಡಿತು. ಊರವರೂ ಆಡಿಕೊಂಡರು. ಆದರೂ ಕಟ್ಟಿದರು. ಹುಲ್ಲಿನ ಮೆದೆಯಿಂದ ದೂರ, ನಾಲ್ಕೂ ಕಡೆ ಗಾಳಿಯಾಡುವ ಚಪ್ಪರ ಹಾಕಿಸಿದರು. ಒಣಹುಲ್ಲನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ದೂಳು ಏಳದಂತೆ ಹಾಕುತ್ತಿದ್ದರು, ಹುರುಳಿಯೂ ಬೇಯಿಸಿದ್ದೇ. ಅವಳು ಹೊರಗಿದ್ದಾಗಲೇ ಕಸ ಗುಡಿಸಬೇಕೆಂದು ಮನೆಯವರಿಗೆಲ್ಲ ಕಟ್ಟಪ್ಪಣೆ.

ರೋಗ ಪೂರ್ತಿ ಹೋಗಲಿಲ್ಲ. ಅದು ಹೋಗುವಂಥದ್ದೂ ಅಲ್ಲ. ಆದರೆ ರಾಣಿ ಮತ್ತೆ ಆರು ಮಳೆಗಾಲ ಕಂಡಳು. ಪ್ರತಿವರ್ಷ ಆಷಾಢದಲ್ಲಿ ಒಳಕ್ಕೆ, ಸ್ವಾತಿ ಮಳೆ ಮುಗಿದು ಹುಲ್ಲು ಒಣಗಿದ ಮೇಲೆ ಹೊರಕ್ಕೆ. ಆ ದಿನ ಊರವರು ಬೀಳಿನಲ್ಲಿ ಎಷ್ಟು ಮೇವಿದೆ ಎಂದು ನೋಡುತ್ತಿದ್ದರು. ದೊಡ್ಡಪ್ಪ ಅತ್ತ ತಿರುಗುತ್ತಿರಲಿಲ್ಲ. ಚಪ್ಪರದ ಕಂಬಕ್ಕೊರಗಿ, ಅವಳ ಹೊಟ್ಟೆ ಒಂದು ಉಸಿರಿಗೆ ಒಂದೇ ಸಲ ಇಳಿಯುವುದನ್ನು ಬಹಳ ಹೊತ್ತು ನೋಡಿ, ಆಮೇಲೆ ಹಗ್ಗ ಬಿಚ್ಚುತ್ತಿದ್ದರು.