ಸೋಲುವ ಪಾತ್ರದಿಂದ ಶುರು

ಮುಂಬ್ರಾದ ಆ ಹುಡುಗನಿಗೆ ಮೊದಲು ಬೇಕಾಗಿದ್ದದ್ದು ಒಂದು ಫೋಮ್ ಖಡ್ಗ. ವಯಸ್ಸು ಇಪ್ಪತ್ತಾರು, ಐರೋಲಿಯ ಕಂಪನಿಯೊಂದರಲ್ಲಿ ಕೆಲಸ. ಕಾಲೇಜಿನಲ್ಲಿದ್ದಾಗ ಗೆಳೆಯರೊಂದಿಗೆ ಮೇಜಿನ ಸುತ್ತ ಕೂತು ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಆಡುತ್ತಿದ್ದ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಅದು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಮಾಂತ್ರಿಕನೋ ಯೋಧನೋ ಆಗಿ ಮಾತಾಡುತ್ತಾರೆ. ಏಟು ಬಿತ್ತೋ ತಪ್ಪಿತೋ ಎನ್ನುವುದನ್ನು ದಾಳ ಹೇಳುತ್ತದೆ. ಇಂಥ ಆಟವನ್ನು ಮೇಜಿನಿಂದ ಎಬ್ಬಿಸಿ ಬಯಲಿಗೆ ತಂದರೆ ಅದು ಲೈವ್ ಆಕ್ಷನ್ ರೋಲ್ ಪ್ಲೇ, ಬಳಕೆಯ ಮಾತಿನಲ್ಲಿ ಲಾರ್ಪ್. ಅಮೆರಿಕದಲ್ಲಿ 1977ರಲ್ಲೇ ಡ್ಯಾಗೊರ್‌ಹಿರ್ ಎಂಬ ಗುಂಪು ಮೆತ್ತನೆಯ ಆಯುಧ ಹಿಡಿದು ಕಾಳಗ ಆಡತೊಡಗಿತ್ತು. 1982ರಲ್ಲಿ ಇಂಗ್ಲೆಂಡಿನ ಚೆಷೈರ್‌ನಲ್ಲಿ ಪೆಕ್‌ಫರ್ಟನ್ ಕೋಟೆಯೊಳಗೇ ‘ಟ್ರೆಷರ್ ಟ್ರ್ಯಾಪ್’ ಶುರುವಾಯಿತು. ಅಲ್ಲಿ ಆಟಗಾರರು ವೇಷ ಹಾಕಿ, ಆ ಲೋಕದ ಮಾತನ್ನೇ ಆಡುತ್ತ ರಾಕ್ಷಸರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಅವನಿಗೂ ಹಾಗೆ ಒಂದು ದಿನ ಬೇರೆಯವನಾಗಿ ಓಡಾಡಬೇಕಿತ್ತು. ಮುಂಬ್ರಾದಲ್ಲಿ ಬೆಟ್ಟಕ್ಕೇನೂ ಕೊರತೆಯಿಲ್ಲ. ರೈಲಿನ ಕಿಟಕಿಯಿಂದ ಕಾಣುವ ಪಾರ್ಸಿಕ್ ಬೆಟ್ಟವಿದೆ, ಮೇಲೆ ಮುಂಬ್ರಾ ದೇವಿಯ ಗುಡಿಯಿದೆ. ಕೋಟೆ ಎಂದುಕೊಂಡರೆ ಕೋಟೆಯೇ. ಆದರೆ ಜೊತೆಗೆ ಆಡಲು ಜನ ಬೇಕಲ್ಲ. ಹಳೆಯ ಗೆಳೆಯರಲ್ಲಿ ಇಬ್ಬರು ಬೆಂಗಳೂರಿಗೆ ಹೋಗಿದ್ದರು, ಒಬ್ಬ ಕೆನಡಾಕ್ಕೆ. ಉಳಿದವರಿಗೆ ಭಾನುವಾರ ಅಂದರೆ ನಿದ್ದೆ.

ಡೊಂಬಿವಲಿಯಲ್ಲಿರುವ ಅವನ ಸೋದರಮಾವನಿಗೆ ಈ ಹುಚ್ಚು ಗೊತ್ತಿತ್ತು. ಒಂದು ದಿನ ಅವರೇ ಕರೆದರು: “ರಾಕ್ಷಸ, ರಾಜ, ಶಾಪ, ಬಾಣ ಎಲ್ಲ ನಮ್ಮಲ್ಲೂ ಉಂಟಲ್ಲ ಮಾರಾಯ. ಭಾನುವಾರ ಬಾ. ಖಡ್ಗ ಬೇಡ, ಬಾಯಿ ಇದ್ದರೆ ಸಾಕು.”

ಮಾವ ಹೇಳಿದ್ದು ತಾಳಮದ್ದಳೆಯ ವಿಷಯ. ಕರಾವಳಿಯ ಓದುಗರಿಗೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಯಕ್ಷಗಾನದಿಂದ ವೇಷ, ಬಣ್ಣ, ಕುಣಿತ ತೆಗೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಮದ್ದಳೆ ಚೆಂಡೆ ಜೊತೆಗಿರುತ್ತವೆ. ಎದುರುಬದುರಾಗಿ ಕೂತ ಅರ್ಥಧಾರಿಗಳು ಆ ಪದವನ್ನು ಹಿಡಿದು, ತಾವೇ ರಾಮನಾಗಿ, ವಾಲಿಯಾಗಿ ಮಾತಾಡುತ್ತಾರೆ. ಪದ ಮಾತ್ರ ಬರೆದದ್ದು. ಮಾತು ಆ ಹೊತ್ತಿಗೆ ಹುಟ್ಟಬೇಕು. ಎದುರಿನವರು ಏನು ಕೇಳುತ್ತಾರೆ ಎನ್ನುವುದು ಅವರು ಕೇಳುವ ತನಕ ಗೊತ್ತಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ದೇರಾಜೆ ಸೀತಾರಾಮಯ್ಯ, ಮಲ್ಪೆಯ ಸಾಮಗ ಸಹೋದರರು ಇದನ್ನು ಎಷ್ಟು ಎತ್ತರಕ್ಕೆ ಒಯ್ದರೆಂದರೆ, ಬರೀ ಮಾತು ಕೇಳುವುದಕ್ಕಾಗಿಯೇ ಜನ ರಾತ್ರಿಯಿಡೀ ಕೂರುತ್ತಿದ್ದರು.

ಮುಂಬಯಿಗೆ ಇದು ಹೊಸದಲ್ಲ. ಹೋಟೆಲು, ಕ್ಯಾಂಟೀನುಗಳ ಕೆಲಸಕ್ಕೆ ದಕ್ಷಿಣ ಕನ್ನಡದಿಂದ ಬಂದವರು ಬರುವಾಗಲೇ ಯಕ್ಷಗಾನವನ್ನೂ ಜೊತೆಗೆ ತಂದಿದ್ದರು. ಶನಿಪೂಜೆಯ ರಾತ್ರಿಗಳಲ್ಲಿ ಗ್ರಂಥ ಓದಿ, ತಾಳಮದ್ದಳೆಯ ಧಾಟಿಯಲ್ಲೇ ಅರ್ಥ ಹೇಳುವ ರೂಢಿ ಇಲ್ಲಿ ಬೆಳೆಯಿತು. ಊರಿನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಅಲ್ಲಿಯ ಕಲಾವಿದರು ಇಲ್ಲಿಗೆ ಬಂದು ಸರಣಿ ಕೂಟಗಳನ್ನು ನಡೆಸುತ್ತಾರೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಮನೆ ಮಾಡಿದ ಜನ ಕಟ್ಟಿಕೊಂಡ ಸಂಘ, ಮಂದಿರಗಳಲ್ಲಿ ಹವ್ಯಾಸಿಗಳ ಕೂಟಗಳೂ ಇವೆ.

ಮಾವನ ಕೂಟ ಅಂಥದ್ದೊಂದು. ಮುಂಬ್ರಾದಿಂದ ದಿವಾ, ಕೋಪರ್, ಆಮೇಲೆ ಡೊಂಬಿವಲಿ, ಲೋಕಲ್‌ನಲ್ಲಿ ದೂರವೇನಲ್ಲ. ಮೊದಲ ನಾಲ್ಕು ಭಾನುವಾರ ಅವನಿಗೆ ಯಾರೂ ಪಾತ್ರ ಕೊಡಲಿಲ್ಲ. ಕೂತು ತಾಳ ಹಾಕು ಎಂದರು. ಏಕ, ರೂಪಕ, ಝಂಪೆ, ತ್ರಿವುಡೆ. ಕೈ ತಪ್ಪಿದಾಗ ಭಾಗವತರು ಬೈಯಲಿಲ್ಲ, ತಮ್ಮ ತಾಳವನ್ನು ಸ್ವಲ್ಪ ಜೋರಾಗಿ ತಟ್ಟಿದರು, ಅಷ್ಟೆ. ಆಟಕ್ಕೆ ಹೋಲಿಸಿದರೆ ಇದು ಸುಲಭದ ದಾರಿಯೇ. ಬಯಲಾಟದ ಮೇಳಕ್ಕೆ ಸೇರಿದ ಹುಡುಗರು ಕೋಡಂಗಿ, ಬಾಲಗೋಪಾಲ ಎಂದು ಪೂರ್ವರಂಗದಲ್ಲಿ ಕುಣಿದು, ಸಣ್ಣಪುಟ್ಟ ವೇಷ ಮಾಡಿ, ವರ್ಷಗಳ ಮೇಲೆ ದೊಡ್ಡ ಪಾತ್ರಕ್ಕೆ ಬರುತ್ತಿದ್ದರು. ತಾಳಮದ್ದಳೆಗೆ ಪಂಚೆ, ಅಂಗಿ, ಹೆಗಲಿಗೊಂದು ಶಾಲು ಸಾಕು.

ಐದನೆಯ ಭಾನುವಾರ ಪ್ರಸಂಗ ‘ವಾಲಿವಧೆ’ ಎಂದು ನಿಶ್ಚಯವಾಯಿತು. ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣ ಪ್ರಸಂಗಗಳನ್ನೇ ಇಲ್ಲಿಯೂ ಹಾಡುತ್ತಾರೆ. ಪಾರ್ತಿಸುಬ್ಬ ಕಾಸರಗೋಡಿನ ಕುಂಬಳೆಯವನು. ಹುಡುಗನಿಗೆ ಸಿಕ್ಕಿದ ಪಾತ್ರ ತಾರೆ, ವಾಲಿಯ ಹೆಂಡತಿ.

ಅವನು ಸುಗ್ರೀವನನ್ನೋ ಲಕ್ಷ್ಮಣನನ್ನೋ ನಿರೀಕ್ಷಿಸಿದ್ದ. ಮುಖ ಸಪ್ಪಗಾದದ್ದನ್ನು ಮಾವ ಗಮನಿಸಿ, “ತಾರೆಗೆ ಎರಡೇ ಪದ. ಆದರೆ ಆ ಎರಡು ಪದಗಳ ಹೊತ್ತಿಗೆ ವಾಲಿಯ ದಾರಿ ಅಡ್ಡಗಟ್ಟುವವಳು ಅವಳೊಬ್ಬಳೇ” ಎಂದರು.

ಕಥೆ ಎಲ್ಲರಿಗೂ ಗೊತ್ತಿರುವುದೇ. ಮೊದಲ ಸಲ ಸುಗ್ರೀವ ಪೆಟ್ಟು ತಿಂದು ಓಡಿಹೋಗುತ್ತಾನೆ. ಅಣ್ಣತಮ್ಮಂದಿರು ಒಂದೇ ಹಾಗೆ ಕಂಡದ್ದರಿಂದ ರಾಮ ಬಾಣ ಬಿಟ್ಟಿರುವುದಿಲ್ಲ. ಎರಡನೆಯ ಸಲ ಗುರುತಿಗೆ ಹೂಮಾಲೆ ಹಾಕಿಕೊಂಡು ಬಂದು ಮತ್ತೆ ಕೂಗುತ್ತಾನೆ. ವಾಲಿ ಎದ್ದು ಹೊರಟಾಗ ತಾರೆ ತಡೆಯುತ್ತಾಳೆ: ಈಗಷ್ಟೇ ಸೋತು ಓಡಿದವನು ಇಷ್ಟು ಬೇಗ ತಿರುಗಿ ಬಂದಿದ್ದಾನೆಂದರೆ ಅವನ ಹಿಂದೆ ಯಾರೋ ಇದ್ದಾರೆ. ಅಯೋಧ್ಯೆಯ ರಾಜಕುಮಾರರು ಅವನ ಸ್ನೇಹ ಮಾಡಿದ್ದಾರೆಂದು ಅಂಗದನಿಗೆ ಗೂಢಚಾರರಿಂದ ಸುದ್ದಿ ಬಂದಿದೆ. ಹೋಗಬೇಡಿ.

ಅವಳು ಹೇಳುವುದೆಲ್ಲ ನಿಜ. ಆದರೂ ವಾಲಿ ಹೋಗಲೇಬೇಕು, ಬಾಣ ತಗಲಲೇಬೇಕು. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ರಾಮನನ್ನು ಕೇಳುವ ವಾಲಿಯ ಆ ಪ್ರಶ್ನೆಗಾಗಿಯೇ ಜನ ಕಾದು ಕೂತಿರುತ್ತಾರೆ.

ಲಾರ್ಪ್‌ಗೂ ತಾಳಮದ್ದಳೆಗೂ ಇರುವ ದೊಡ್ಡ ವ್ಯತ್ಯಾಸ ಇದು. ಅಲ್ಲಿ ಕೊನೆ ಏನಾಗುತ್ತದೋ ಆಡುವವರಿಗೆ ಗೊತ್ತಿರುವುದಿಲ್ಲ. ಇಲ್ಲಿ ಕೊನೆ ಸಾವಿರ ಸಲ ಆಗಿಹೋಗಿದೆ, ಅಲ್ಲಿಗೆ ತಲುಪುವ ದಾರಿಯಷ್ಟೇ ಖಾಲಿ ಇದೆ. ಹೊಸಬನಿಗೆ ಇದರಿಂದ ಒಂದು ಧೈರ್ಯ, ಒಂದು ಕಷ್ಟ. ಕಥೆ ಕೆಡಿಸಲು ಅವನಿಂದ ಆಗುವುದಿಲ್ಲ ಎನ್ನುವುದು ಧೈರ್ಯ. ಹೇಗೂ ಸೋಲುತ್ತೇನೆ ಎಂದು ಅರೆಮನಸ್ಸಿನಿಂದ ಆಡಿದರೆ ಎದುರಿನ ವಾಲಿಯ ಹಟಕ್ಕೆ ಬೆಲೆಯೇ ಉಳಿಯುವುದಿಲ್ಲ ಎನ್ನುವುದು ಕಷ್ಟ. ತಾರೆ ಗೆಲ್ಲುವವಳಂತೆ ವಾದಿಸಬೇಕು. ವಾಲಿ ಒಂದು ಗಳಿಗೆ ನಿಲ್ಲುವಂತಾಗಬೇಕು. ಅವನು ನಿಂತು ಹೊರಟರೆ ಮಾತ್ರ ಅದು ವೀರನ ಹೆಜ್ಜೆ, ಇಲ್ಲವಾದರೆ ಮೊಂಡನ ಹೆಜ್ಜೆ.

ಇನ್ನೊಂದು ತೊಡಕು ಭಾಷೆಯದು. ಯಕ್ಷಗಾನದ ಮಾತಿನಲ್ಲಿ ಇಂಗ್ಲಿಷ್ ಶಬ್ದ ನುಸುಳಬಾರದು ಎಂಬುದು ಹಳೆಯ ಕಟ್ಟುಪಾಡು. ಲಾರ್ಪ್ ಆಡುವವರೂ ಕೈಗಡಿಯಾರ ಬಿಚ್ಚಿಡುತ್ತಾರೆ, ಮೊಬೈಲು ಒಳಗಿಡುತ್ತಾರೆ. ಕಟ್ಟಿದ ಲೋಕಕ್ಕೆ ತೂತು ಬೀಳಬಾರದಷ್ಟೆ. ಆದರೆ ಮುಂಬ್ರಾದ ಹುಡುಗನ ಬಾಯಲ್ಲಿ ಒಂದು ವಾಕ್ಯ ನಾಲ್ಕು ಭಾಷೆ ದಾಟಿ ಬರುತ್ತದೆ. ಮನೆಯಲ್ಲಿ ತುಳು, ಬೀದಿಯಲ್ಲಿ ಹಿಂದಿ, ಗೆಳೆಯರಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ತಾರೆಯ ಪದಗಳನ್ನು ಅವನು ದೇವನಾಗರಿಯಲ್ಲಿ ಬರೆದುಕೊಂಡ. ‘ಮ್ಯಾಟರ್ ಸೀರಿಯಸ್ ಇದೆ’ ಎಂದು ಗಂಡನಿಗೆ ಹೇಳಲು ತಾರೆಗೆ ಅವಕಾಶವಿಲ್ಲ. ಹಾಗಾದರೆ ಏನು ಹೇಳಬೇಕು?

ಒಂದು ರಾತ್ರಿ ಊಟದ ಹೊತ್ತಿಗೆ ಅವನು ತಂದೆಯನ್ನು ಕೇಳಿದ: “ಪಪ್ಪ, ‘ಸ್ಪೈ’ಗೆ ಕನ್ನಡದಲ್ಲಿ ಏನು?”

ಅವರಿಬ್ಬರ ನಡುವೆ ಮಾತು ಕಡಿಮೆಯಾಗಿ ವರ್ಷಗಳೇ ಆಗಿದ್ದವು. ಜಗಳವೇನೂ ಇಲ್ಲ. ನೀರು ಬಂತಾ, ಬಿಲ್ಲು ಕಟ್ಟಿದೆಯಾ, ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಪುಣೆಗೆ ವರ್ಗ ಮಾಡುತ್ತೇವೆಂದು ಕಂಪನಿಯವರು ಕೇಳಿದ್ದನ್ನು ಅವನು ತಾಯಿಗೆ ಹೇಳಿದ್ದ, ತಂದೆಗೆ ಹೇಳಿರಲಿಲ್ಲ. ತಂದೆ ಕಾರ್ಕಳದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಬಂದು, ಕೋಟೆ ಭಾಗದ ಹೋಟೆಲಿನಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಕ್ಯಾಂಟೀನಿನಿಂದ ನಿವೃತ್ತರಾದ ಮೇಲೆ ಟಿ.ವಿ. ಮುಂದೆ ಕೂತಿರುತ್ತಿದ್ದರು.

“ಗೂಢಚಾರ,” ಎಂದರು. ಸ್ವಲ್ಪ ತಡೆದು, “ಬೇಹಿನವ ಅಂತಲೂ ಹೇಳಬಹುದು. ಯಾರಿಗೆ ಬೇಕು?”

“ತಾರೆಗೆ.”

ಅವರು ಟಿ.ವಿ.ಯ ಸದ್ದು ತಗ್ಗಿಸಿದರು. ರಾತ್ರಿಶಾಲೆಯ ವಾರ್ಷಿಕೋತ್ಸವದಲ್ಲಿ ತಾವು ಒಮ್ಮೆ ಅಂಗದನ ವೇಷ ಹಾಕಿದ್ದು, ಎರವಲು ತಂದ ಗೆಜ್ಜೆ ಕಾಲಿಗೆ ದೊಡ್ಡದಾಗಿ ಬಟ್ಟೆ ಸುತ್ತಿ ಕಟ್ಟಿದ್ದು, ಎಲ್ಲ ಆ ರಾತ್ರಿ ಹೊರಗೆ ಬಂತು. ಮಗನಿಗೆ ಅದು ಗೊತ್ತೇ ಇರಲಿಲ್ಲ. ಮರುದಿನದಿಂದ ಊಟವಾದ ಮೇಲೆ ತಂದೆ ವಾಲಿ, ಮಗ ತಾರೆ. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ತಾಯಿ ಒಮ್ಮೆ ಇಣುಕಿ, “ಹೆಂಡತಿ ಹಾಗೆ ಭಾಷಣ ಬಿಗಿಯುವುದಿಲ್ಲ. ಮೊದಲು ಸೆರಗು ಹಿಡಿದು ನಿಲ್ಲುತ್ತಾಳೆ, ಆಮೇಲೆ ಮಾತು” ಎಂದರು. ಆಮೇಲೆ ಅವನ ಪೀಠಿಕೆ ಅರ್ಧಕ್ಕೆ ಇಳಿಯಿತು.

ಕೂಟ ನಡೆದದ್ದು ಘನ್ಸೋಲಿಯ ಕಡೆಯ ಒಂದು ಮಂದಿರದಲ್ಲಿ, ಜುಲೈ ತಿಂಗಳ ಮಳೆಯಲ್ಲಿ. ಅರುವತ್ತು ಎಪ್ಪತ್ತು ಜನ ಇದ್ದರು, ಹೆಚ್ಚಿನವರು ತಲೆ ನರೆತವರು. ವಾಲಿಯ ಅರ್ಥ ಹೇಳುವವರು ಮೂವತ್ತು ವರ್ಷಗಳ ಅನುಭವಿ. ಮೊದಲ ಪದಕ್ಕೆ ಹುಡುಗ ಕಲಿತದ್ದನ್ನೆಲ್ಲ ಹೇಳಿದ. ಗಂಟಲು ನಡುಗಿತು, ಆದರೆ ಮಾತು ನಿಲ್ಲಲಿಲ್ಲ. ಎರಡನೆಯ ಪದವಾದ ಮೇಲೆ ಗೂಢಚಾರರ ಸುದ್ದಿ ಹೇಳಿದಾಗ ಹಿರಿಯರು ಅವನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಇದು ನಿನಗೆ ಮೊದಲೇ ತಿಳಿದಿತ್ತು. ಹಾಗಾದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?”

ಈ ಪ್ರಶ್ನೆಯನ್ನು ಮನೆಯ ವಾಲಿ ಕೇಳಿರಲಿಲ್ಲ, ಹಾಳೆಯಲ್ಲೂ ಇರಲಿಲ್ಲ. ಭಾಗವತರು ತಾಳ ಹಿಡಿದು ಕಾದರು. ಬೇಕೆಂದರೆ ಮುಂದಿನ ಪದ ಎತ್ತಿ ಅವನನ್ನು ಪಾರು ಮಾಡಬಹುದಿತ್ತು; ಮಾಡಲಿಲ್ಲ.

“ನೀವು ಕೇಳುತ್ತೀರೆಂದು ಕಾದೆ, ನಾಥಾ,” ಎಂದ ಹುಡುಗ. “ನೀವು ಕೇಳಲಿಲ್ಲ. ಕೇಳದೆ ಹೇಳುವುದಕ್ಕೆ ನನಗೆ ಹೆದರಿಕೆಯಾಯಿತು.”

ಗ್ರಾಂಥಿಕವೇನಲ್ಲ, ಮನೆಯ ಮಾತು. ಆದರೂ ವಾಲಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ, ರಾಮ ಧರ್ಮ ತಿಳಿದವನು, ತಪ್ಪು ಮಾಡದ ನನಗೆ ಅವನು ಯಾಕೆ ಕೇಡು ಬಗೆಯುತ್ತಾನೆ ಎಂದು ಹೇಳಿ ಎದ್ದು ಹೊರಟರು. ತಾರೆ ಸೋತಳು. ಹುಡುಗನ ಕೆಲಸ ಹತ್ತು ನಿಮಿಷದಲ್ಲಿ ಮುಗಿದಿತ್ತು. ಉಳಿದ ಎರಡು ಗಂಟೆ ಅವನು ಅಲ್ಲೇ ಕೂತು ರಾಮ, ವಾಲಿಯರ ವಾದ ಕೇಳಿದ.

ಎದುರಿನವರ ಮಾತನ್ನು ಪೂರ್ತಿ ಕೇಳದೆ ಈ ಕಲೆಯಲ್ಲಿ ಒಂದು ಹೆಜ್ಜೆಯೂ ಮುಂದೆ ಇಡಲು ಬರುವುದಿಲ್ಲ. ತಯಾರಿ ಮಾಡಿಕೊಂಡು ಬಂದ ಮಾತು ಮೊದಲ ಪ್ರಶ್ನೆಯವರೆಗೆ ನಡೆಯುತ್ತದೆ. ಆಮೇಲೆ ನಡೆಯುವುದು ಎದುರಿನವರು ಕೊಟ್ಟದ್ದರಿಂದ. ಫೋಮ್ ಖಡ್ಗದ ಆಟದಲ್ಲೂ ಏಟು ತಗಲಿತೆಂದು ತಾನೇ ಒಪ್ಪಿಕೊಳ್ಳುವವನು ಒಳ್ಳೆಯ ಆಟಗಾರ. ಹೊಸಬರು ಕೇಳುವುದುಂಟು: ಎಷ್ಟು ಪುರಾಣ ಓದಿರಬೇಕು, ಕನ್ನಡ ಎಷ್ಟು ಚೆನ್ನಾಗಿರಬೇಕು? ಓದು ಬೇಕು, ಭಾಷೆಯೂ ಬೇಕು. ಎರಡೂ ದಾರಿಯಲ್ಲಿ ಸೇರಿಕೊಳ್ಳುತ್ತವೆ. ಮೊದಲು ನಾಲ್ಕು ಭಾನುವಾರ ತಾಳ ಹಾಕುತ್ತ ಬಾಯಿ ಮುಚ್ಚಿ ಕೂರಲು ಆಗುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಥಾಣೆಯಲ್ಲಿ ಗಾಡಿ ಬದಲಿಸಿ ಮುಂಬ್ರಾಕ್ಕೆ ಬರುವಾಗ ತಂದೆ ಕೇಳಿದರು: “ಪುಣೆಯ ವಿಷಯ ಎಲ್ಲಿಗೆ ಬಂತು ಮಗಾ?” ಕಳವಾ ದಾಟುವಷ್ಟರಲ್ಲಿ ಅವನು ಎಲ್ಲ ಹೇಳಿದ. ಸಂಬಳ, ಬಾಡಿಗೆ, ಇವರಿಬ್ಬರನ್ನು ಬಿಟ್ಟು ಹೋಗುವ ಅಳುಕು. ತಂದೆ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದೊಂದಾಗಿ ಪ್ರಶ್ನೆ ಕೇಳಿದರು.

ಅವನು ಪುಣೆಗೆ ಹೋದ. ಪುಣೆಯ ರೈಲುಗಳು ಕಲ್ಯಾಣದಲ್ಲಿ ನಿಲ್ಲುತ್ತವೆ. ಅಲ್ಲಿಂದ ಡೊಂಬಿವಲಿ ಎರಡನೆಯ ಸ್ಟೇಷನ್. ತಿಂಗಳಿಗೊಂದು ಭಾನುವಾರ ಅಲ್ಲಿಳಿದು ಕೂಟಕ್ಕೆ ಹೋಗಿ, ರಾತ್ರಿ ಮುಂಬ್ರಾದ ಮನೆಯಲ್ಲಿ ಉಳಿಯುತ್ತಾನೆ. ಕನ್ನಡ ಅಕ್ಷರ ಕಲಿಯುತ್ತಿದ್ದಾನೆ. ಒತ್ತಕ್ಷರಗಳು ಇನ್ನೂ ಕಾಡುತ್ತವೆ. ಮುಂದಿನ ಮಳೆಗಾಲಕ್ಕೆ ‘ಅಂಗದ ಸಂಧಾನ’ ಇಟ್ಟಿದ್ದಾರೆ. ಅಂಗದನ ಪಾತ್ರ ಬೇರೊಬ್ಬರಿಗೆ ಹೋಗಿದೆ, ಇವನಿಗೆ ರಾವಣನ ಸಭೆಯಲ್ಲಿ ಪ್ರಹಸ್ತ. ಮತ್ತೆ ಎರಡೇ ಪದ. ಅದನ್ನು ಫೋನಿನಲ್ಲಿ ಕೇಳಿದ ತಂದೆ, ಪ್ರಹಸ್ತ ಏನೇನು ಹೇಳಬಹುದು ಎಂದು ಆಗಲೇ ಶುರುಮಾಡಿದ್ದಾರೆ.