ಹುಲಿಯೂ ತಾಳೆಮರವೂ

ಒಂದೇ ಬೀದಿಯ ಎರಡು ಮನೆ ಅಂತ ಇಟ್ಟುಕೊಳ್ಳಿ. ಒಂದರ ಮಗ ದುಬೈಯಲ್ಲಿ ದುಡಿಯುತ್ತಾನೆ, ಇನ್ನೊಂದರ ಮಗಳು ಅಮೆರಿಕದಲ್ಲಿ ಓದುತ್ತಾಳೆ. ರೂಪಾಯಿ ಇಳಿಯಿತು ಅಂತ ಟಿವಿಯಲ್ಲಿ ಬಂದರೆ ಮೊದಲ ಮನೆಯಲ್ಲಿ ಕೇಸರಿಬಾತು, ಎರಡನೇ ಮನೆಯಲ್ಲಿ ಫೀಸಿನ ಲೆಕ್ಕ. ಏರಿತು ಅಂತ ಬಂದರೆ ಕೇಸರಿಬಾತು ಮನೆ ಬದಲಾಯಿಸುತ್ತದೆ, ಅಷ್ಟೇ. ಆದರೆ ಇದೆಲ್ಲ ಮುಂಬಯಿಯಲ್ಲಿ ಕೂತಿರುವ ರಿಸರ್ವ್ ಬ್ಯಾಂಕಿನವರ ಕೈವಾಡ ಎಂಬ ಬಗ್ಗೆ ಎರಡೂ ಮನೆಯವರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಹೌದೇ? ಸ್ವಲ್ಪ ಹೌದು. ಪೂರ್ತಿ ಹೌದು ಅಂದರೆ ದೆಹಲಿಯವರಿಗೆ ಬೇಜಾರಾದೀತು.

ಬ್ಯಾಂಕು ಮೊದಲು ಮುಂಬಯಿಯಲ್ಲಿ ಇರಲೇ ಇಲ್ಲ. 1935ರ ಏಪ್ರಿಲ್ 1ರಂದು ಕಲ್ಕತ್ತೆಯಲ್ಲಿ ಶುರುವಾಗಿ (ತಾರೀಖು ನೋಡಿ ನಗಬೇಡಿ, ಹಣಕಾಸಿನ ವರ್ಷ ಅಂದೇ ಆರಂಭ) 1937ರಲ್ಲಿ ಮುಂಬಯಿಗೆ ಹೋಯಿತು. ಆಗ ಅದು ಷೇರುದಾರರ ಬ್ಯಾಂಕು. ಸರ್ಕಾರದ ಸ್ವತ್ತಾದದ್ದು 1949ರಲ್ಲಿ. ಹೊಸ ಬ್ಯಾಂಕಿಗೆ ಒಂದು ಮುದ್ರೆ ಬೇಕಲ್ಲ? ಈಸ್ಟ್ ಇಂಡಿಯಾ ಕಂಪನಿಯ ಚಿನ್ನದ ಮೊಹರಿನ ಮೇಲೆ ಸಿಂಹ, ತಾಳೆಮರ ಇದ್ದವು. ಸಿಂಹವನ್ನು ಇಳಿಸಿ ಹುಲಿಯನ್ನು ಹತ್ತಿಸಿದರು. ಚಿತ್ರ ಬಂತು. ಡೆಪ್ಯುಟಿ ಗವರ್ನರ್ ಜೇಮ್ಸ್ ಟೇಲರ್ ಅದನ್ನು ನೋಡಿ, ಇದು ಹುಲಿಯಲ್ಲ, ಯಾವುದೋ ಜಾತಿಯ ನಾಯಿ, ನಾಯಿಯನ್ನೂ ಮರವನ್ನೂ ಜೊತೆಗಿಟ್ಟರೆ ತುಂಟರು ಸುಮ್ಮನಿರುತ್ತಾರೆಯೇ ಎಂಬ ಅರ್ಥದಲ್ಲಿ ಗೊಣಗಿದ. ಹಣದುಬ್ಬರಕ್ಕೆ ಅಂಜುವ ಗವರ್ನರುಗಳು ಬೇಕಾದಷ್ಟು ಸಿಗುತ್ತಾರೆ. ಬೀದಿನಾಯಿಗೆ ಅಂಜಿದವನು ಇವನೊಬ್ಬನೇ ಇರಬೇಕು.

ಟೇಲರನ ಮೇಲಿದ್ದವನು ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್, ಆಸ್ಟ್ರೇಲಿಯಾದವನು. ಅವನ ಸಹಿ ಇರುವ ನೋಟನ್ನು ಯಾರಾದರೂ ಮಾರಲು ಬಂದರೆ ತಕ್ಷಣ ಬಾಗಿಲು ಹಾಕಿಕೊಳ್ಳಿ, ಅಂಥದೊಂದು ನೋಟೇ ಇಲ್ಲ. ಬಡ್ಡಿ ಎಷ್ಟಿರಬೇಕು, ಪೌಂಡಿನೆದುರು ರೂಪಾಯಿ ಎಷ್ಟಿರಬೇಕು ಅಂತ ಸರ್ಕಾರದೊಂದಿಗೆ ಜಗಳವಾಗಿ, ಬ್ಯಾಂಕಿನ ನೋಟು ಅಚ್ಚಾಗುವ ಮೊದಲೇ ಅವನು ಮನೆಗೆ ಹೋದ. 1938ರಲ್ಲಿ ಬಂದ ಮೊದಲ ನೋಟುಗಳ ಮೇಲೆ ಇರುವುದು ಟೇಲರನ ಸಹಿ.

ಆ ಜಗಳ ಕ್ಷುಲ್ಲಕ ಅಂದುಕೊಳ್ಳಬೇಡಿ. ಒಂದು ರೂಪಾಯಿಗೆ ಹದಿನೆಂಟು ಪೆನ್ಸ್ ಎಂದು ಬ್ರಿಟಿಷರು 1927ರಲ್ಲಿ ಕಾನೂನು ಮಾಡಿದ್ದರು. ಮುಂಬಯಿಯ ಗಿರಣಿ ಮಾಲೀಕರು ಹದಿನಾರೇ ಸಾಕು ಅಂದರು. ರೂಪಾಯಿ ಅಗ್ಗವಾದರೆ ವಿಲಾಯತಿ ಬಟ್ಟೆ ತುಟ್ಟಿಯಾಗುತ್ತದೆ, ನಮ್ಮದು ಖರ್ಚಾಗುತ್ತದೆ ಅಂತ. ಎರಡೇ ಎರಡು ಪೆನ್ಸಿಗಾಗಿ ವರ್ಷಗಟ್ಟಲೆ ಭಾಷಣ, ಪತ್ರ, ಕರಪತ್ರ. ಈಗಿನವರು ಹತ್ತು ಪೈಸೆ ಇಳಿದರೆ ವಾಟ್ಸಾಪಿನಲ್ಲಿ ಹೊಡೆದಾಡುತ್ತಾರಲ್ಲ, ಅವರಿಗೆ ಇಂಥ ಹಿರಿಯರಿದ್ದಾರೆ ಅಂತ ತಿಳಿಯಲಿ.

ಹಾಗಾದರೆ ಈಗ ಬೆಲೆಯನ್ನು ಕಟ್ಟುವವರು ಯಾರು? ಕಾಗದದ ಮೇಲೆ ಯಾರೂ ಇಲ್ಲ, 1993ರಿಂದ ಅದು ಪೇಟೆಗೆ ಬಿಟ್ಟ ವಿಷಯ. ಆದರೆ ಬ್ಯಾಂಕು ಕಟ್ಟೆಯ ಮೇಲೆ ಕೂತಿರುತ್ತದೆ. ಕೆಆರ್‌ಎಸ್ಸಿನ ಗೇಟಿನವರು ಮಾಡುವ ಕೆಲಸವೇ ಇದು: ಡಾಲರು ಹೊಳೆಯಾಗಿ ಹರಿದು ಬಂದಾಗ ಕೊಂಡು ತುಂಬಿಸಿಕೊಳ್ಳುವುದು, ಬತ್ತಿದಾಗ ಒಂದೊಂದೇ ತೂಬು ತೆಗೆದು ಬಿಡುವುದು. ಬಿಡುವುದೂ ಬಹುಪಾಲು ಸರ್ಕಾರಿ ಬ್ಯಾಂಕುಗಳ ಮೂಲಕ, ಸದ್ದಿಲ್ಲದೆ. ಆದರೆ ಡಾಲರು ಕೊಟ್ಟರೆ ಬದಲಿಗೆ ರೂಪಾಯಿ ಒಳಗೆ ಬಂತಲ್ಲ? ಪೇಟೆಯಲ್ಲಿ ರೂಪಾಯಿ ಕಡಿಮೆಯಾಯಿತು, ಬಡ್ಡಿ ಬಿಗಿಯಾಯಿತು. ಡಾಲರು ಕೊಂಡರೆ ಉಲ್ಟಾ, ಹೊರಗೆ ಹೋದ ರೂಪಾಯಿಯನ್ನು ಹಿಂದಕ್ಕೆ ಹೀರಿಕೊಳ್ಳಲು ಸರ್ಕಾರಿ ಸಾಲಪತ್ರ ಮಾರಬೇಕು. ನಾವು ಯಾವ ದರವನ್ನೂ ಗುರಿಯಿಟ್ಟುಕೊಂಡಿಲ್ಲ, ವಿಪರೀತ ಕುಣಿತವನ್ನು ತಡೆಯುತ್ತೇವೆ ಅಷ್ಟೇ ಅಂತ ಬ್ಯಾಂಕು ಪ್ರತಿಸಲವೂ ಹೇಳುತ್ತದೆ. ಎಷ್ಟರವರೆಗೆ ಕುಣಿದರೆ ವಿಪರೀತ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ಸಟ್ಟಾದವರು ಅಲ್ಲೇ ಚಾಪೆ ಹಾಸುತ್ತಾರೆ. ಈ ಗುಟ್ಟು ನನಗಂತೂ ಸರಿಯೆನಿಸುತ್ತದೆ.

ಬಡ್ಡಿಯ ಕಥೆ ಬೇರೆ. 2016ರಿಂದ ಅದಕ್ಕೆ ಆರು ಜನರ ಸಮಿತಿ, ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಮೂರು ಮೂರು ಆದರೆ ಗವರ್ನರರಿಗೆ ಇನ್ನೊಂದು ಮತ. ಗುರಿ ಹಣದುಬ್ಬರ ಶೇಕಡಾ 4, ಆಚೆ ಈಚೆ ಎರಡು. ರೂಪಾಯಿಯ ಬೆಲೆ ಆ ಗುರಿಯಲ್ಲಿಲ್ಲ.

ಎಲ್ಲಿದ್ದೆವು? ಹಾಂ, ದೆಹಲಿ. ನಮ್ಮ ಮಂಗಳೂರಿನ ಬೆನಗಲ್ ಮನೆತನದ ರಾಮರಾಯರ ಹೆಸರು ಕೇಳಿದ್ದೀರಾ? ಸಂವಿಧಾನದ ಕೆಲಸದಲ್ಲಿ ಹೆಸರಾದ ಬೆನಗಲ್ ನರಸಿಂಗರಾಯರ ತಮ್ಮ. 1949ರಿಂದ ಏಳೂವರೆ ವರ್ಷ ಗವರ್ನರ್. ಅಷ್ಟು ಕಾಲ ಆ ಕುರ್ಚಿಯಲ್ಲಿ ಇನ್ನಾರೂ ಕೂತಿಲ್ಲ. ಬಂದ ವರ್ಷವೇ ಪೌಂಡಿನ ಬೆನ್ನಿಗೆ ರೂಪಾಯಿಯೂ ಜಾರಿ ಡಾಲರಿಗೆ 3.30 ಇದ್ದದ್ದು 4.76 ಆಯಿತು. ಅದನ್ನು ಸಹಿಸಿದರು. ಸಹಿಸಲಾಗದ್ದು ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರ ನಾಲಿಗೆಯನ್ನು. ರಿಸರ್ವ್ ಬ್ಯಾಂಕು ನನ್ನ ಇಲಾಖೆಯ ಒಂದು ವಿಭಾಗ ಎಂಬಂತೆ ಮಂತ್ರಿಗಳು ಮಾತಾಡಿದರು. ರಾಯರು ನೆಹರೂಗೆ ದೂರು ಕೊಟ್ಟರು. ನೆಹರೂ ಮಂತ್ರಿಯ ಪಕ್ಷ ಹಿಡಿದರು. 1957ರ ಜನವರಿಯಲ್ಲಿ ರಾಯರು ರಾಜೀನಾಮೆ ಕೊಟ್ಟು ಎದ್ದರು. ರಿಸರ್ವ್ ಬ್ಯಾಂಕ್ ಕಾಯ್ದೆಯ ಏಳನೇ ಕಲಮನ್ನು ಓದಿದರೆ, ಗವರ್ನರರನ್ನು ಕೇಳಿದ ಮೇಲೆ ಸಾರ್ವಜನಿಕ ಹಿತಕ್ಕಾಗಿ ಸರ್ಕಾರ ಬ್ಯಾಂಕಿಗೆ ಆದೇಶ ಕೊಡಬಹುದು. 2018ರಲ್ಲಿ ಆ ಕಲಮಿನ ಹೆಸರು ಮತ್ತೆ ಜೋರಾಗಿ ಕೇಳಿಬಂತು. ಡಿಸೆಂಬರಿನಲ್ಲಿ ಗವರ್ನರ್ ಊರ್ಜಿತ್ ಪಟೇಲರೂ ಎದ್ದು ಹೋದರು, ವೈಯಕ್ತಿಕ ಕಾರಣ ಅಂತ ಬರೆದು.

ಎಲ್ಲ ಸಲವೂ ಹಾಗಲ್ಲ, ಕೆಲವೊಮ್ಮೆ ಮುಂಬಯಿಯೇ ಒಂದು ಹೆಜ್ಜೆ ಮುಂದಿರುತ್ತದೆ. 1991ರ ಜುಲೈಯಲ್ಲಿ ರೂಪಾಯಿಯನ್ನು ಎರಡು ಕಂತಿನಲ್ಲಿ ಇಳಿಸುವುದು ಅಂತಾಯಿತು. ಗುಪ್ತನಾಮ ಹಾಪ್, ಸ್ಕಿಪ್ ಅಂಡ್ ಜಂಪ್. 1ನೇ ತಾರೀಖು ಮೊದಲ ಕಂತು. ಗಲಾಟೆ ಎದ್ದಿತು. 3ರ ಬೆಳಿಗ್ಗೆ ಪ್ರಧಾನಿ ನರಸಿಂಹರಾಯರಿಗೆ ಎದೆ ಡವಡವ, ಎರಡನೆಯದನ್ನು ನಿಲ್ಲಿಸಿ ಅಂದರು. ಹಣಕಾಸು ಮಂತ್ರಿ ಮನಮೋಹನ್ ಸಿಂಗ್ ಡೆಪ್ಯುಟಿ ಗವರ್ನರ್ ರಂಗರಾಜನ್‌ರಿಗೆ ಫೋನು ಮಾಡಿದರೆ, ಆಗಲೇ ಹಾರಿಯಾಯಿತು ಎಂಬ ಉತ್ತರ!

1966ರಲ್ಲಿ ಇಂಥ ಫೋನಿಗೂ ಅವಕಾಶವಿರಲಿಲ್ಲ. ಜೂನ್ 6ರಂದು 4.76 ಇದ್ದದ್ದು ಏಕಾಏಕಿ 7.50. ಪೆಟ್ಟು ಬಿದ್ದದ್ದು ಕೊಲ್ಲಿಯಲ್ಲೂ. ಆಗ ದುಬೈ, ಕತಾರ್ ಕಡೆಯೆಲ್ಲ ಚಲಾವಣೆಯಲ್ಲಿ ಇದ್ದದ್ದು ನಮ್ಮದೇ ರೂಪಾಯಿ. ಅದನ್ನು ಕೊಟ್ಟು ಚಿನ್ನ ಕಳ್ಳಸಾಗಣೆ ಮಾಡುತ್ತಾರೆಂದು 1959ರಲ್ಲಿ ಅಲ್ಲಿಗಾಗಿಯೇ ಬೇರೆ ಬಣ್ಣದ ನೋಟು ಹೊರಡಿಸಿದ್ದರು. ನಮ್ಮ ರೂಪಾಯಿ ಜಾರಿದ್ದನ್ನು ನೋಡಿ ಆ ಶೇಖರು ಕೈಬಿಟ್ಟರು. ಇಲ್ಲದಿದ್ದರೆ ಭಟ್ಕಳದ ಹುಡುಗರು ದಿರ್ಹಮ್ಮಿನ ಬದಲು ರೂಪಾಯಿಯಲ್ಲೇ ಸಂಬಳ ಎಣಿಸುತ್ತಿದ್ದರೋ ಏನೋ.

ಗವರ್ನರರ ಸಹಿಯ ಮಾತು ಬಂತಲ್ಲ, ಅದು ಒಂದು ರೂಪಾಯಿ ನೋಟಿನ ಮೇಲೆ ಇರುವುದಿಲ್ಲ, ಗೊತ್ತೇ? ಅಲ್ಲಿ ಹಣಕಾಸು ಕಾರ್ಯದರ್ಶಿಯ ಸಹಿ. ಉಳಿದ ನೋಟುಗಳಲ್ಲಿರುವ, ಇಷ್ಟು ರೂಪಾಯಿ ಕೊಡುತ್ತೇನೆಂಬ ವಚನವೂ ಅದರಲ್ಲಿಲ್ಲ. ಒಂದು ರೂಪಾಯಿ ನೋಟೂ ನಾಣ್ಯಗಳೂ ಸರ್ಕಾರದವು, ಬ್ಯಾಂಕು ಹಂಚುತ್ತದೆ ಅಷ್ಟೇ. ಅಂದರೆ ಮದುವೆಗೆ ನೂರೊಂದು ಮುಯ್ಯಿ ಹಾಕಿದರೆ ನೂರಕ್ಕೆ ಮುಂಬಯಿ ಜವಾಬ್ದಾರಿ, ಒಂದಕ್ಕೆ ದೆಹಲಿ. ಅಂಗಡಿಯಲ್ಲಿ ಸಿಗುವ ಕವರುಗಳಲ್ಲಂತೂ ದೆಹಲಿಯ ಪಾಲನ್ನು ಮೊದಲೇ ಅಂಟಿಸಿರುತ್ತಾರೆ.